ಹೋಗುವಾಗ ಹದಿಮೂರು, ಬರುವಾಗ ಹದಿನಾಲ್ಕೂವರೆ

ಮಾರ್ಚ್ ೩, ಸೋಮವಾರ

ನಾಳೆ ಮಧ್ಯಾಹ್ನ ಹೊರಡುತ್ತೇನೆ. ಮಾವನನ್ನು ಕರೆದುಕೊಂಡು ಬರುವ ಕೆಲಸ ಕೊನೆಗೂ ನನ್ನ ತಲೆಗೇ ಬಂತು. ಬರಲೇಬೇಕಿತ್ತು. ಈ ಮನೆಯಲ್ಲಿ ಸೋರುವ ನಲ್ಲಿಯಿಂದ ಹಿಡಿದು ಮುರಿದ ಮಾತಿನವರೆಗೆ ರಿಪೇರಿಗೆ ಕರೆಯುವುದು ನನ್ನನ್ನೇ.

ಅಂಗಡಿ ಮುಚ್ಚಿ ಬರುವಂತಿಲ್ಲ ಎಂದರು ನಮ್ಮವರು. ಕನ್ನಡಕದ ಅಂಗಡಿಗೆ ಮೂರು ವಾರ ಬೀಗ ಹಾಕಿದರೆ ಊರಿಗೆ ಊರೇನೂ ಕುರುಡಾಗುವುದಿಲ್ಲ. ಸುಮ್ಮನೆ ಮುಖ ನೋಡುತ್ತ ಕೂತೆ. ಆಮೇಲೆ ತಾವೇ ಬಾಯಿಬಿಟ್ಟರು.

"ನಾನು ಹೋದ್ರೆ ಜಗಳ ಆಗುತ್ತೆ. ನೀನು ಹೋದ್ರೆ ಕೆಲಸ ಆಗುತ್ತೆ."

ಅತ್ತೆ ತೀರಿಕೊಂಡು ಆರು ವರ್ಷ. ಆವತ್ತಿನಿಂದ ಅಪ್ಪ ಮಗ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದರು. ಕಳೆದ ವರ್ಷದ ಕೊನೆಗೆ ಮಾವ ಇದ್ದಕ್ಕಿದ್ದಂತೆ, "ಹಳೇ ಸ್ನೇಹಿತರೊಬ್ಬರಿದ್ದಾರೆ, ಒಂದು ತಿಂಗಳು ಇದ್ದು ಬರ್ತೀನಿ" ಎಂದು ಭೂಮಿಯ ಆ ತುದಿಗೆ ವಿಮಾನ ಹತ್ತಿದರು. ಒಂದು ತಿಂಗಳು ಎರಡಾಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಈಗ ಆರು ವಾರ. ಎಪ್ಪತ್ತಾರು ವಯಸ್ಸು, ಪರರ ಮನೆ. ಆ ಸ್ನೇಹಿತರಾದರೂ ಪಾಪ, ಎಷ್ಟು ದಿನ ನೋಡಿಕೊಂಡಾರು?

ವಿಮಾನದ ಕಚೇರಿಯ ಹೆಂಗಸನ್ನು ಇವತ್ತು ಚೆನ್ನಾಗಿ ವಿಚಾರಿಸಿಕೊಂಡೆ. ಎರಡು ಊರಿನ ನಡುವೆ ಹನ್ನೊಂದು ಸಾವಿರ ಕಿಲೋಮೀಟರು. ಹೋಗುವಾಗ ಹದಿಮೂರು ಗಂಟೆ, ಬರುವಾಗ ಹದಿನಾಲ್ಕೂವರೆ.

"ದಾರಿ ಅದೇ ತಾನೇ? ಬರುವಾಗ ಏನು ನಿಧಾನ ಓಡಿಸ್ತಾರಾ?"

"ಗಾಳಿ ಮೇಡಂ. ಹೋಗುವಾಗ ಬೆನ್ನಿಗಿರುತ್ತೆ, ಬರುವಾಗ ಎದೆಗೆ."

ಮಲಗಿಸಿಕೊಂಡು ಬರುವ ಏರ್ಪಾಡು ಆ ವಿಮಾನದಲ್ಲಿ ಇಲ್ಲವಂತೆ. ಕೂತೇ ಬರಬೇಕು, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಅಷ್ಟು ಹೊತ್ತು ಕೂರಬಲ್ಲರು ಎಂದು ಅಲ್ಲಿನ ಡಾಕ್ಟರು ಹೇಳಬೇಕು. "ಕೂರಿಸ್ತೀನಿ ಬಿಡಿ" ಎಂದೆ. ಡ್ರೈವಿಂಗ್ ಶಾಲೆ ನಡೆಸುವವಳಿಗೆ ಕೂರಿಸುವುದು ಹೇಳಿಕೊಡಬೇಕೆ? ಸ್ಟೀರಿಂಗ್ ಕಂಡರೆ ಬೆವರುವವರನ್ನೆಲ್ಲ ಕೂರಿಸಿ ಹೆದ್ದಾರಿಗೆ ಹತ್ತಿಸಿದವಳು ನಾನು. ಕಲಿಯುವವರು ಬೆನ್ನ ಹಿಂದೆ 'ಬ್ರೇಕಮ್ಮ' ಅನ್ನುತ್ತಾರೆ. ಅನ್ನಲಿ, ಲೈಸೆನ್ಸ್ ಬಂದ ದಿನ ಅವರೇ ಸಿಹಿ ಹಿಡಿದು ಬರುತ್ತಾರೆ.

ಕೆಳಗಿನ ಕೋಣೆ ಸಿದ್ಧವಾಗಿದೆ. ಗೋಡೆಗೆ ಹಿಡಿಗಳು, ಎತ್ತರದ ಮಂಚ, ಕೈಗೆಟುಕುವಲ್ಲಿ ಗಂಟೆಯ ಗುಂಡಿ. ಮಾವ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಇದ್ದರೆ ಸಾಕು. ಅವರು ಒಂದು ಲೋಟ ತೊಳೆಯಲು ಎದ್ದರೂ "ನೀವು ಕೂತ್ಕೊಳ್ಳಿ" ಅನ್ನುವ ಮನೆ ನಮ್ಮದು.


ಮಾರ್ಚ್ ೫, ಬುಧವಾರ

ನಮ್ಮ ಭಾಷೆಯ ಮರ್ಯಾದೆಗೆ ಏನೆನ್ನಲಿ! 'ಸ್ನೇಹಿತರೊಬ್ಬರು' ಎಂದರೆ ಗಂಡೋ ಹೆಣ್ಣೋ ದೇವರಿಗೂ ತಿಳಿಯದು.

ಬಾಗಿಲು ತೆಗೆದದ್ದು ಒಬ್ಬ ಹೆಂಗಸು. ಅರವತ್ತೈದು ದಾಟಿರಬಹುದು. ಕುತ್ತಿಗೆಯಲ್ಲಿ ಅಳತೆ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಸೂಜಿ ತೆಗೆದು, "ಸೊಸೆ ಅಲ್ವಾ? ಬಾಮ್ಮ" ಎಂದಳು. ಅವಳ ಹಿಂದೆ ಕುರ್ಚಿಯಲ್ಲಿ ಮಾವ, ಶಾಲೆಗೆ ತಡವಾಗಿ ಬಂದ ಮಗುವಿನ ಮುಖ ಮಾಡಿಕೊಂಡು ಕೂತಿದ್ದರು.

ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಹಿಂದೆ ನಮ್ಮೂರಲ್ಲೇ ಇದ್ದವಳಂತೆ. ಮಾವ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಕಾಲದಲ್ಲಿ ಅಲ್ಲಿನ ಪರದೆ ಹೊಲಿಯಲು ಬಂದು ಪರಿಚಯವಾದವಳು. ಗಂಡ ಹೋಗಿ ಎಷ್ಟೋ ವರ್ಷವಾಗಿದೆ. ಅಕ್ಕನ ಆಸರೆಗೆ ಈ ಊರಿಗೆ ಬಂದು ಇಲ್ಲೇ ನಿಂತಳು. ಅತ್ತೆ ಹೋದ ಮೇಲೆ ಇಬ್ಬರದೂ ಫೋನಿನಲ್ಲಿ ಮಾತು ಶುರುವಾಗಿದೆ. ಇದೆಲ್ಲ ಅವಳೇ ಕಾಫಿ ಬಗ್ಗಿಸುತ್ತ, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದಳು.

ನಮ್ಮವರಿಗೆ ಫೋನಿನಲ್ಲಿ, "ಸ್ನೇಹಿತರು ಒಳ್ಳೆಯವರು" ಎಂದಷ್ಟೇ ಹೇಳಿದೆ. ಅದೂ ಬಹುವಚನದಲ್ಲೇ.

ಇಪ್ಪತ್ತೆರಡನೇ ತಾರೀಖು, ಶನಿವಾರಕ್ಕೆ ಇಬ್ಬರಿಗೂ ಟಿಕೆಟ್ ಇದೆ. ಇದರಲ್ಲಿ ನನಗೇನೂ ಅನುಮಾನವಿಲ್ಲ.


ಮಾರ್ಚ್ ೬, ಗುರುವಾರ

ಪಾಠ ಶುರು. ಒಂದರ ಮುಂದೊಂದು ಕುರ್ಚಿ ಇಟ್ಟು ವಿಮಾನದ ಸಾಲು ಮಾಡಿದೆ. ಮಾವನನ್ನು ನಡುವೆ ಕೂರಿಸಿದೆ. ಮೊಣಕಾಲಿಗೆ ಎಷ್ಟು ಜಾಗ ಸಿಗುತ್ತದೆಂದು ನಾನು ಬರುವಾಗಲೇ ಗೇಣು ಹಾಕಿ ಅಳೆದಿದ್ದೆ.

ಅರ್ಧ ಗಂಟೆಯಾಗುವಷ್ಟರಲ್ಲಿ ನರಳಾಟ ಶುರು. ನಲವತ್ತು ನಿಮಿಷಕ್ಕೆ, "ಆಗಲ್ಲಮ್ಮ, ಜೀವ ಹೋಗುತ್ತೆ" ಎಂದರು.

"ಇನ್ನೂ ವಿಮಾನ ಮೇಲೇರಿಲ್ಲ ಮಾವ. ಈಗಷ್ಟೇ ಬೆಲ್ಟ್ ಹಾಕಿದ್ದೀರಿ."

"ಹಾಗಾದ್ರೆ ನನ್ನನ್ನ ಇಲ್ಲೇ ಇಳಿಸಿಬಿಡು."

ಮೊದಲ ದಿನ ಎಲ್ಲರೂ ಹೀಗೆಯೇ. ಕ್ಲಚ್ ಬಿಡಲು ಬಾರದೆ ಅತ್ತವರನ್ನೂ ನೋಡಿದ್ದೇನೆ.


ಮಾರ್ಚ್ ೮, ಶನಿವಾರ

ಮೂರು ದಿನವಾದರೂ ನಲವತ್ತು ನಿಮಿಷದ ಗೆರೆ ದಾಟಿಲ್ಲ. ದಿಂಬು ಬದಲಿಸಿದೆ, ಕುರ್ಚಿ ಬದಲಿಸಿದೆ, ಗದರಿಸಿದೆ, ಮುದ್ದು ಮಾಡಿದೆ. ಮುಖ ಹಿಂಡುವುದನ್ನು ನೋಡಿದರೆ ಕಲ್ಲೂ ಕರಗಬೇಕು.

ಆ ಹೆಂಗಸು ನಡುವೆ ಬರುವುದಿಲ್ಲ, ಅದೊಂದು ಒಳ್ಳೆಯದು. ಬೆಳಗ್ಗೆ ತಿಂಡಿ ಮಾಡಿಟ್ಟು ಕೆಳಗಿಳಿದರೆ ಮಧ್ಯಾಹ್ನದವರೆಗೂ ಹೊಲಿಗೆ ಯಂತ್ರದ ಸದ್ದು. ಶಾಲಾ ಸಮವಸ್ತ್ರ, ಕಿಟಕಿ ಪರದೆ, ಯಾರದೋ ಕೋಟಿನ ಅಸ್ತರಿ. ಮಾವನ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾಳೆ. ನಾನೇ ಕೊಡುತ್ತೇನೆಂದೆ. "ಕೊಡಮ್ಮ" ಎಂದು ಡಬ್ಬಿಯನ್ನೇ ನನ್ನ ಕೈಗಿಟ್ಟಳು. ಜಗಳಕ್ಕೆ ಸಿಕ್ಕುವ ಜನರಾಗಿದ್ದರೆ ಕೆಲಸ ಸುಲಭವಿತ್ತು.


ಮಾರ್ಚ್ ೧೧, ಮಂಗಳವಾರ

ನಲವತ್ತೈದು ನಿಮಿಷ. ಕರ್ಮ.


ಮಾರ್ಚ್ ೧೨, ಬುಧವಾರ

ಕಳ್ಳ ಸಿಕ್ಕಿಬಿದ್ದ!

ಬೆಳಗ್ಗೆ ಉಪಾಹಾರ ಮುಗಿಸಿ ಡಾಕ್ಟರ ಬಳಿ ಹೋಗಿ ಭೇಟಿಗೆ ದಿನ ಗೊತ್ತುಮಾಡಿಕೊಂಡೆ. ಅಲ್ಲಿಂದ ವಿಮಾನದ ಕಚೇರಿಗೆ ನಡೆದೆ. ಗಾಲಿಕುರ್ಚಿಗೆ ಹೇಳಿಡಬೇಕಿತ್ತು. ಸಂಜೆಯವರೆಗೂ ಬರುವುದಿಲ್ಲವೆಂದು ಮನೆಯಲ್ಲಿ ಹೇಳಿದ್ದೆ, ಆದರೆ ಕೆಲಸ ಬೇಗ ಮುಗಿಯಿತು. ಊಟದ ಹೊತ್ತಿಗೇ ವಾಪಸು ಬಂದೆ. ಅಂಗಡಿಯ ಬಾಗಿಲಲ್ಲಿ ನಿಂತರೆ ಒಳಗಿಂದ ನಗು. ಮಾವನ ನಗು. ಆ ನಗುವನ್ನು ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು, ಏಕೆಂದರೆ ಅದನ್ನು ಕೇಳಿದ ನೆನಪಿಲ್ಲ.

ಒಳಗೆ ಹೋದೆ. ಬಟ್ಟೆಯ ರಾಶಿಗಳ ನಡುವೆ ಬರೀ ಮರದ ಬೆಂಚು. ಒರಗಲು ಬೆನ್ನಿಲ್ಲ, ಮೆತ್ತೆಯಿಲ್ಲ. ಅದರ ಮೇಲೆ ನಮ್ಮ ಮಾವ ಕೈತುಂಬ ಇಸ್ಪೀಟು ಹಿಡಿದು ಮಹಾರಾಜರ ಹಾಗೆ ಕೂತಿದ್ದಾರೆ. ಎದುರಿಗೆ ಆಕೆ. ಪಕ್ಕದಲ್ಲಿ ಖಾಲಿ ಲೋಟಗಳು, ತಿಂದು ಮುಗಿಸಿದ ತಟ್ಟೆಗಳು. ನಾನು ಹೊರಟ ಗಳಿಗೆಯಿಂದಲೂ ಆಟ ನಡೆದಿರಬೇಕು. ಮೇಲಾಗಿ ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದಿದ್ದಾರೆ!

ನನ್ನನ್ನು ಕಂಡದ್ದೇ ಮುಖ ಹಿಂಡಿ ಸೊಂಟಕ್ಕೆ ಕೈಯಿಟ್ಟುಕೊಂಡರು. "ಅಯ್ಯೋ..."

"ಈಗ ನೆನಪಾಯ್ತಾ ನೋವು?"

ಆಕೆ ಎಲೆಗಳನ್ನು ಜೋಡಿಸಿಟ್ಟು, "ಅನ್ನಕ್ಕಿಟ್ಟಿದ್ದೆ" ಎಂದು ಮೆಲ್ಲಗೆ ಮೇಲೆ ಹೋದರು. ಸೂಕ್ಷ್ಮ ತಿಳಿದವರು.

"ನಿನ್ನ ಕುರ್ಚಿಲಿ ಕೂತ್ರೆ ನಿಜವಾಗ್ಲೂ ನೋಯುತ್ತಮ್ಮ" ಎಂದರು ಮಾವ.

"ಅದಕ್ಕೆ ದಿಂಬಿದೆ. ಇದು ಬರೀ ಹಲಗೆ."

"ಇದು ಬೆಂಚು. ಅದು ಊರಿಗೆ ಹೋಗೋ ಕುರ್ಚಿ."

ನನಗೆ ರೇಗಿತು. ಹನ್ನೊಂದು ಸಾವಿರ ಕಿಲೋಮೀಟರು ಹಾರಿ ಬಂದವಳ ಕಣ್ಣಿಗೆ ಮಣ್ಣೆರಚುವುದೆಂದರೇನು? "ಬರೋಕೆ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳಿ ಮಾವ. ನರಳಾಟ ಯಾಕೆ?" ಎಂದೆ. ದನಿ ಸ್ವಲ್ಪ ಜೋರೇ ಆಯಿತು.

ಅವರು ಬಹಳ ಹೊತ್ತು ಎಲೆಗಳನ್ನೇ ಕಲೆಸಿದರು. "ಮಗನಿಗೆ ಏನಂತ ಹೇಳಲಿ? ನಿಮ್ಮಮ್ಮನ ಜಾಗಕ್ಕೆ ಇನ್ನೊಬ್ಬರು ಬಂದಿದ್ದಾರೆ ಅಂತಲಾ? ಸೊಂಟ ಬರಲ್ಲ ಅಂತು ಅಂದ್ರೆ ಯಾರಿಗೂ ಬೇಜಾರಿಲ್ಲ." ಆಮೇಲೆ, "ಹೋಗಲಿ ಬಿಡು. ಇಷ್ಟು ದೂರ ಬಂದಿದ್ದೀಯ. ನೀನು ಬಾ ಅಂದ್ರೆ ಬರ್ತೀನಿ" ಎಂದರು.

ಅಲ್ಲಿಗೆ ಮುಗಿಯಿತು. ಗೆದ್ದೆ. ಊಟ ಮಾತ್ರ ಯಾಕೋ ಸೇರಲಿಲ್ಲ, ಬಿಸಿಲಲ್ಲಿ ನಡೆದದ್ದಕ್ಕಿರಬೇಕು.


ಮಾರ್ಚ್ ೧೫, ಶನಿವಾರ

ಈಗ ಅಭ್ಯಾಸ ಹೂವಿನ ಸರ ಎತ್ತಿದಷ್ಟು ಸಲೀಸು. ಕುರ್ಚಿಗಳನ್ನು ಕೆಳಗಿನ ಅಂಗಡಿಗೇ ಇಳಿಸಿದ್ದೇನೆ. ಮಾವ ಕೂರುತ್ತಾರೆ, ನಡುನಡುವೆ ಎದ್ದು ಕಪಾಟಿನವರೆಗೆ ಹೋಗಿ ಬಂದು ಮತ್ತೆ ಕೂರುತ್ತಾರೆ. ಇವತ್ತು ಬೆಳಗಿನ ತಿಂಡಿಯಿಂದ ಸಂಜೆ ಕಾಫಿಯವರೆಗೆ ಕಳೆಯಿತು.

ಹೊತ್ತು ಹೋಗಬೇಕಲ್ಲ, ನಾನೂ ಇಸ್ಪೀಟಿಗೆ ಕೂತೆ. ದರ್ಜಿಯಮ್ಮ ಮೋಸಗಾತಿ! ಎಲೆಯನ್ನು ಟೇಪಿನ ಹಿಂದೆ ಅಡಗಿಸಿಕೊಳ್ಳುತ್ತಾರೆ. ಹಿಡಿದರೆ, "ಅಯ್ಯೋ, ಅದು ಅಲ್ಲಿಗೆ ಹೇಗೆ ಹೋಯ್ತು?" ಎಂದು ನನ್ನನ್ನೇ ಕೇಳುತ್ತಾರೆ. ಮಾವನಿಗೆ ಇದು ಗೊತ್ತು. ಗೊತ್ತಿದ್ದೂ ಸೋಲುತ್ತಾರೆ.

ಮಾತೂ ಎಷ್ಟು! ಒಮ್ಮೆ ಚಿತ್ರದ ಕೊನೆಯ ರೀಲು ಊರಿಗೇ ಬರಲಿಲ್ಲವಂತೆ. ಮಾವ ಪರದೆಯ ಮುಂದೆ ನಿಂತು ಕಥೆಯ ಕೊನೆಯನ್ನು ಬಾಯಲ್ಲೇ ಹೇಳಿದರಂತೆ. ಯಾರೂ ಎದ್ದು ಹೋಗಲಿಲ್ಲವಂತೆ. "ಸಾಯೋ ನಾಯಕನ್ನ ಬದುಕಿಸಿಬಿಟ್ಟೆ. ಮಾರನೇ ದಿನ ರೀಲು ಬಂತು, ಜನ ಬಂದು ಜಗಳ ಆಡಿದ್ರು, ನೀನು ಹೇಳಿದ್ದೇ ಸರಿ, ಇದು ತಪ್ಪು ಅಂತ!" ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ಈ ಮನೆತನದ ಸೊಸೆಯಾಗಿ ಇಷ್ಟು ವರ್ಷವಾಯಿತು, ಈ ಕಥೆ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಕೆಲಸವಿರುತ್ತದೆ. ಕೂತು ಕೇಳಲು ಪುರುಸೊತ್ತೆಲ್ಲಿ?

ನಮ್ಮವರ ಫೋನು ಬಂದಿತ್ತು, ಆಟದ ಗದ್ದಲದಲ್ಲಿ ಕೇಳಿಸಲಿಲ್ಲ.


ಮಾರ್ಚ್ ೧೭, ಸೋಮವಾರ

ದರ್ಜಿಯಮ್ಮ ಒಂದು ಮೆತ್ತೆ ಹೊಲಿಯುತ್ತಿದ್ದಾರೆ. ಮುರಿದ ಕಡೆ ಒತ್ತದ ಹಾಗೆ ಒಂದು ಬದಿಗೆ ಗುಣಿ, ತೊಡೆಯ ಕೆಳಗೆ ಮೃದು, ಅಂಚಿಗೆ ಎರಡು ಸಾಲು ಹೊಲಿಗೆ. ಮಾವನನ್ನು ಕೂರಿಸಿ, ಎಬ್ಬಿಸಿ, ಹತ್ತಿ ತೆಗೆದು, ಮತ್ತೆ ತುಂಬಿ, ಬೆಳಗ್ಗೆಯಿಂದ ಅದೇ ಕೆಲಸ. ಗಿರಾಕಿಗಳ ಬಟ್ಟೆ ಮೂಲೆಯಲ್ಲಿ ಬಿದ್ದಿದೆ.

"ಇಷ್ಟು ಚೆನ್ನಾಗಿ ಯಾಕೆ ಹೊಲೀತೀರಿ?" ಎಂದುಬಿಟ್ಟೆ. ಕೇಳಿದ ಮೇಲೆ ನನಗೇ ಇದೆಂಥ ಪ್ರಶ್ನೆ ಅನ್ನಿಸಿತು.

"ಅಷ್ಟು ಹೊತ್ತು ಕೂರಬೇಕಲ್ಲಮ್ಮ ಅವರು."

"ಕಳಿಸಲ್ಲ ಅಂತ ಒಂದು ಮಾತು ಅನ್ನಬಾರದಾ ನೀವು?"

ಅವರು ಹಲ್ಲಿನಿಂದ ದಾರ ಕಡಿದರು. "ಅನ್ನೋಕೆ ನಾನು ಯಾರು? ಅವರು ಬಿದ್ದ ದಿನ ಆಸ್ಪತ್ರೆಗೆ ಜೊತೆಗೆ ಹೋದೆ. ಬಾಗಿಲಲ್ಲಿ ಕೇಳಿದ್ರು, ನೀವು ಅವರಿಗೆ ಏನಾಗಬೇಕು ಅಂತ. ಏನಂತ ಹೇಳಲಿ? ಪಕ್ಕದ ಮನೆಯವಳು ಅಂದೆ. ಹಾಗಾದ್ರೆ ಹೊರಗೆ ಕೂತಿರಿ ಅಂದ್ರು. ಆಪರೇಷನ್ ಮುಗಿಯೋವರೆಗೂ ಕೂತಿದ್ದೆ. ಹೇಗಾಯ್ತು ಅಂತ ಯಾರೂ ಬಂದು ಹೇಳಲಿಲ್ಲ. ಕಸ ಗುಡಿಸೋಕೆ ಬಂದವಳು ಹೇಳಿದ್ಲು."

ಹೇಳುವಾಗ ದನಿಯಲ್ಲಿ ದೂರು ಇರಲಿಲ್ಲ. ಮೆತ್ತೆಯನ್ನು ತಿರುಗಿಸಿ ಇನ್ನೊಂದು ಬದಿ ಹಿಡಿದರು.

ನಾನು ಎದ್ದು ಹೋಗಿ ಲೋಟ ತೊಳೆದಿಟ್ಟೆ. ತೊಳೆದ ಲೋಟಗಳನ್ನೇ ಇನ್ನೊಮ್ಮೆ ತೊಳೆದೆ.


ಮಾರ್ಚ್ ೧೮, ಮಂಗಳವಾರ

ಡಾಕ್ಟರ ಭೇಟಿ. ಮೂವರೂ ಹೋದೆವು. ಒಳಗೆ ಕರೆದಾಗ ನರ್ಸು ಅಡ್ಡ ನಿಂತಳು.

"ಮನೆಯವರು ಮಾತ್ರ ಬನ್ನಿ. ನೀವು ಏನಾಗಬೇಕು?"

"ಸೊಸೆ."

"ಇವರು?"

ದರ್ಜಿಯಮ್ಮ ಆಗಲೇ ಗೋಡೆ ಬದಿಯ ಬೆಂಚಿನ ಕಡೆ ತಿರುಗಿದ್ದರು. ನಾನು ತೋಳು ಹಿಡಿದೆ. "ನಮ್ಮತ್ತೆ."

ಬಾಯಿಗೆ ಬಂದದ್ದು ಹೇಳಿದೆ, ಅಷ್ಟೆ. ಮಾತ್ರೆಗಳ ಲೆಕ್ಕವೆಲ್ಲ ಅವರಿಗೇ ಗೊತ್ತಿರುವುದು, ಹೊರಗೆ ಕೂರಿಸಿದರೆ ಕೆಲಸ ಕೆಡುತ್ತದೆ. ನರ್ಸು ದಾರಿ ಬಿಟ್ಟಳು. ಮಾವ ಕೆಮ್ಮಿದರು. ಅವರ ಕೆಮ್ಮಿಗೆ ಮಾತ್ರ ಡಾಕ್ಟರು ಔಷಧ ಬರೆಯಲಿಲ್ಲ.

ನಡೆಸಿ ನೋಡಿದರು, ಕೂರಿಸಿ ನೋಡಿದರು, ಕಾಲು ಒತ್ತಿದರು. "ಪರವಾಗಿಲ್ವೇ! ಯಾರು ಅಭ್ಯಾಸ ಮಾಡಿಸಿದ್ದು?" ಎಂದರು. "ನಾನೇ" ಎಂದೆ. "ಧಾರಾಳವಾಗಿ ಹಾರಬಹುದು" ಎಂದು ಬರೆದುಕೊಟ್ಟರು. ಹೇಳಿರಲಿಲ್ಲವೇ ನಾನು?

ವಾಪಸು ಬಸ್ಸಿನಲ್ಲಿ ಬಂದೆವು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಊಟಕ್ಕೆ ಕುಳಿತಾಗ ಎಲ್ಲರಿಗೂ ಬಡಿಸಿ ತಮಗೆ ಬಡಿಸಿಕೊಳ್ಳುವುದನ್ನೇ ಮರೆತರು. ನಾನೇ ಬಡಿಸಿದೆ.


ಮಾರ್ಚ್ ೨೦, ಗುರುವಾರ

ಬೆಳಗ್ಗೆ ಸಾಮಾನು ಕಟ್ಟಲು ಶುರುಮಾಡಿದೆ. ಮಾವನ ಅಂಗಿಗಳು ಇಸ್ತ್ರಿಯಾಗಿ ಮಡಿಸಿ ಸಿದ್ಧವಾಗಿದ್ದವು. ಒಂದರ ಗುಂಡಿಯೂ ಕಿತ್ತುಹೋಗಿರಲಿಲ್ಲ. ನಮ್ಮ ಮನೆಯಿಂದ ಹೊರಟಾಗ ಹೀಗಿರಲಿಲ್ಲ, ನನಗೆ ಗೊತ್ತು.

ಕೆಳಗೆ ಹೋದೆ. ಒಬ್ಬ ಗಿರಾಕಿ ಪರದೆಯ ಅಳತೆ ಕೊಡುತ್ತಿದ್ದ. ಅತ್ತೆ ಒಮ್ಮೆ ಬರೆದು ಹೊಡೆದು ಹಾಕಿದರು, ಎರಡನೇ ಸಲವೂ ತಪ್ಪು ಬರೆದರು. ಬೆಂಚಿನ ಮೇಲಿದ್ದ ಮಾವ ಕೈಯಲ್ಲಿದ್ದ ಕೋಟನ್ನು ಮಡಿಲಿಗಿಟ್ಟು, ಟೇಪು ತೆಗೆದುಕೊಂಡು, ಅಳತೆಯನ್ನು ತಾವೇ ಬರೆದುಕೊಟ್ಟರು. ಆಗ ನೋಡಿದೆ. ಅವರ ಮಡಿಲಲ್ಲಿದ್ದ ಕೋಟಿಗೆ ಸೂಜಿ ಚುಚ್ಚಿತ್ತು. ಗುಂಡಿ ಹೊಲಿಯುತ್ತಿದ್ದದ್ದು ಮಾವ! ಸಾಲಾಗಿ ಐದು ಗುಂಡಿ, ಅಚ್ಚು ಹೊಡೆದ ಹಾಗೆ. ಹರಿದ ಫಿಲ್ಮನ್ನು ಗೊತ್ತಾಗದಂತೆ ಅಂಟಿಸುತ್ತಿದ್ದ ಕೈ ಅದು.

"ಕೋಟು ಶನಿವಾರಕ್ಕೆ ಸಿಗುತ್ತಾ?" ಎಂದು ಕೇಳಿದ ಆತ.

"ಸಿಗದೆ ಏನು? ಬೆಳಗ್ಗೆ ಬನ್ನಿ, ನಾನೇ ತೆಗೆದಿಟ್ಟಿರ್ತೀನಿ" ಎಂದರು ಮಾವ, ಮತ್ತೆ ಸೂಜಿ ಹಿಡಿದು, ತಲೆ ಎತ್ತದೆ.

ಆಮೇಲೆ ಸೂಜಿ ನಿಂತಿತು.

"ಶನಿವಾರ ನಾನಿರಲ್ಲ" ಎಂದರು. ಗಿರಾಕಿಗಲ್ಲ, ಗುಂಡಿಗೆ ಹೇಳಿದ ಹಾಗೆ. "ಇವರು ಕೊಡ್ತಾರೆ."

ಅತ್ತೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಯಂತ್ರ ಓಡಿಸಲೂ ಇಲ್ಲ, ಕೈ ತೆಗೆಯಲೂ ಇಲ್ಲ.

ನಾನು ಮೇಲೆ ಬಂದೆ. ತೆರೆದ ಸೂಟ್‌ಕೇಸಿನ ಮುಂದೆ ಕೂತೆ. ನಮ್ಮ ಕೆಳಗಿನ ಕೋಣೆ ಕಣ್ಣಿಗೆ ಬಂತು. ಹಿಡಿಗಳು, ಮಂಚ, ಗಂಟೆ. ಬೆಳಗ್ಗೆ ನಾವು ಗಂಡ ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಸಂಜೆಯವರೆಗೂ ಆ ಗಂಟೆ ಒತ್ತಿದರೆ ಯಾರು ಬರುತ್ತಾರೆ? ಹಿಡಿ ಹಾಕಿಸುವಾಗ ಇದು ಹೊಳೆಯಲಿಲ್ಲವಲ್ಲ! ಇರಲಿ, ತಪ್ಪು ತಿರುವಿಗೆ ಹೋದರೆ ಕಾರು ತಿರುಗಿಸಬೇಕು, ಅಳುತ್ತ ಕೂರಬಾರದು. ಇದನ್ನೇ ನಾನು ದಿನಾ ಹೇಳಿಕೊಡುವುದು.

ಮಾವನ ಅಂಗಿಗಳನ್ನೆಲ್ಲ ತೆಗೆದು ಮತ್ತೆ ಕಪಾಟಿಗಿಟ್ಟೆ.

ಊಟದ ಹೊತ್ತಿಗೆ ಹೇಳಿದೆ. "ಶನಿವಾರ ನಾನೊಬ್ಬಳೇ ಹೋಗ್ತೀನಿ."

ಮಾವ ಚಮಚ ಕೆಳಗಿಟ್ಟರು. ಅತ್ತೆ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನೀರಿನ ಜಗ್ಗು ಮೇಜಿನ ಮೇಲೆಯೇ ಇತ್ತು.

"ಡಾಕ್ಟರ್ ಬೇಡ ಅಂದ್ರು ಅಂತ ಹೇಳಿಬಿಡಮ್ಮ ಅವನಿಗೆ. ಎಲ್ಲರಿಗೂ ಸುಲಭ" ಎಂದರು ಮಾವ.

"ಸುಳ್ಳು ಹೇಳಿದ್ರೆ ಮುಂದಿನ ತಿಂಗಳು ಮತ್ತೆ ಟಿಕೆಟ್ ತೆಗೀತಾರೆ. ನಾಳೆ ನಿಜ ಹೇಳೋಣ. ಮೊದಲು ನಾನು, ಆಮೇಲೆ ನೀವು."

"ನಾನಾ?"

"ನಿಮ್ಮ ಮಗ ತಾನೇ?"


ಮಾರ್ಚ್ ೨೧, ಶುಕ್ರವಾರ

ನಮಗೆ ಬೆಳಗ್ಗೆ, ಅಲ್ಲಿ ಸಂಜೆ. ನಮ್ಮವರು ಅಂಗಡಿಯಲ್ಲಿದ್ದರು.

"ಡಾಕ್ಟರ್ ಹೂಂ ಅಂದಿದ್ದಾರೆ. ನಾನು ಬೇಡ ಅಂದಿದ್ದೀನಿ" ಎಂದು ಶುರುಮಾಡಿ, ಸ್ನೇಹಿತರು ಯಾರು, ಏನು, ಎತ್ತ ಎಂಬುದನ್ನೆಲ್ಲ ಹೇಳಿ ಮುಗಿಸಿದೆ.

ಆಮೇಲೆ ಸಿಡಿಲು. "ಕರ್ಕೊಂಡು ಬಾ ಅಂತ ಕಳಿಸಿದ್ರೆ ಕೊಟ್ಟು ಬರ್ತೀಯಾ?"

"ಹೂಂ. ಒಳ್ಳೇ ಮನೆ ನೋಡಿಯೇ ಕೊಟ್ಟಿದ್ದೀನಿ."

ಈ ಮಾತು ಆಡಬಾರದಿತ್ತೋ ಏನೋ. ಫೋನನ್ನು ಮಾವನ ಕೈಗೆ ಕೊಟ್ಟೆ.

"ನಾನು ಕಣೋ. ಇಲ್ಲೇ ಇರ್ತೀನಿ. ನೀನು ಏನೂ ಕಡಿಮೆ ಮಾಡಿಲ್ಲ, ಹಾಗಂದ್ಕೋಬೇಡ. ಇಲ್ಲಿ ನನಗೆ ಕೆಲಸ ಇದೆ..." ಆಮೇಲೆ, "ನಿಮ್ಮಮ್ಮನ್ನ ಮರೆತಿಲ್ಲ. ಇಬ್ಬರೂ ಕೂತು ಅವಳ ಬಗ್ಗೆ ಮಾತಾಡ್ತೀವಿ. ಅಲ್ಲಿ ಆ ಮಾತಿಗೆ ಯಾರೂ ಸಿಗ್ತಿರಲಿಲ್ಲ" ಎಂದರು.

ಫೋನು ಕಟ್ಟಾಗಿತ್ತು. ಎಲ್ಲಿಯವರೆಗೆ ಕೇಳಿಸಿಕೊಂಡರೋ ಗೊತ್ತಿಲ್ಲ. ಮತ್ತೆ ಮಾಡಿದರೆ ಎತ್ತಲಿಲ್ಲ.

ಮಾವ ಅಳಲಿಲ್ಲ. "ಹೇಳಿಬಿಟ್ಟೆ" ಎಂದು ಮೂರು ಸಲ ಅಂದರು, ಈಜು ಕಲಿತವರ ಹಾಗೆ.


ಮಾರ್ಚ್ ೨೨, ವಿಮಾನದಲ್ಲಿ

ಪಕ್ಕದ ಸೀಟು ಖಾಲಿ. ಹದಿನಾಲ್ಕೂವರೆ ಗಂಟೆಯೆಂದರೆ ಇಷ್ಟು ಉದ್ದವೆಂದು ಯಾರಾದರೂ ಹೇಳಬಾರದಿತ್ತೇ?

ಹೊರಡುವಾಗ ಅತ್ತೆ ನನ್ನ ಕೋಟಿನ ತೋಳು ಉದ್ದವಾಗಿದೆ ಎಂದು ಬಾಗಿಲಲ್ಲೇ ನಿಲ್ಲಿಸಿ ಒಳಮಡಿಕೆ ಹಾಕಿದರು. ಬೇಡವೆಂದರೂ ಬಿಡಲಿಲ್ಲ. ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಲೇ ಇದ್ದ.


ಮಾರ್ಚ್ ೨೬, ಬುಧವಾರ

ಮನೆಗೆ ಬಂದು ಮೂರು ದಿನ. ನಮ್ಮವರು ಉಪ್ಪು ಬೇಕಾದರೂ ತಾವೇ ಎದ್ದು ತೆಗೆದುಕೊಳ್ಳುತ್ತಾರೆ, ನನ್ನನ್ನು ಕೇಳುವುದಿಲ್ಲ. ಕೆಳಗಿನ ಕೋಣೆಯ ಬಾಗಿಲು ಹಾಕಿದ್ದಾರೆ.

ಅಪ್ಪನ ಮಗ. ಅಪ್ಪನ ಹಾಗೆಯೇ, ತಮಗೆ ಒಗ್ಗುವ ಬೆಂಚು ಸಿಕ್ಕಾಗ ಬಾಯಿಬಿಟ್ಟಾರು. ನನಗೆ ತಾಳ್ಮೆಯಿದೆ.


ಮಾರ್ಚ್ ೩೦, ಭಾನುವಾರ

ಬಾಯಿಬಿಟ್ಟರು. ತಟ್ಟೆ ಒರೆಸುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡು.

"ಅಮ್ಮ ಇದ್ದಿದ್ರೆ ಏನನ್ನೋಳು?"

"ಅವರು ಇದ್ದಿದ್ರೆ ಮಾವ ಹೋಗ್ತಾನೇ ಇರಲಿಲ್ಲ."

ಒಂದು ತಟ್ಟೆ, ಎರಡು ತಟ್ಟೆ. "ನಿಜವಾಗ್ಲೂ ಅಮ್ಮನ ಬಗ್ಗೆ ಮಾತಾಡ್ತಾರಾ ಅವರು?"

ಅಂದರೆ ಪೂರ್ತಿ ಕೇಳಿಸಿಕೊಂಡೇ ಫೋನಿಟ್ಟಿದ್ದಾರೆ.

"ಮಾತಾಡ್ತಾರೆ. ನಾನೂ ಕೇಳಿದ್ದೀನಿ. ಅಮ್ಮ ಸಿನಿಮಾ ನೋಡ್ತಾ ನಿದ್ದೆ ಹೋಗಿ, ಮುಗಿದ ಮೇಲೆ ಚೆನ್ನಾಗಿತ್ತು ಅಂತಿದ್ರಂತೆ."

ನಗು ಬಂದದ್ದು ಬೆನ್ನಿನಲ್ಲಿ ಕಾಣಿಸಿತು. ಆಮೇಲೆ ಆ ಬೆನ್ನು ಬೇರೆ ಥರ ಅಲುಗತೊಡಗಿತು. ನಾನು ಬಟ್ಟೆ ಇಸಕೊಂಡು ಉಳಿದ ತಟ್ಟೆಗಳನ್ನು ಒರೆಸಿದೆ.


ಏಪ್ರಿಲ್ ೬, ಭಾನುವಾರ

ಇವತ್ತು ನಮ್ಮವರು ತಾವಾಗಿಯೇ ಅಲ್ಲಿಗೆ ಫೋನ್ ಮಾಡಿದರು. ಮಾವ ಮಲಗಿದ್ದರಂತೆ, ಅತ್ತೆ ಎತ್ತಿದ್ದಾರೆ. ನಮ್ಮವರು ಬೆವರಿದರು.

"ನಾನು... ಅವರ ಮಗ. ಎಬ್ಬಿಸಬೇಡಿ, ಎಬ್ಬಿಸಬೇಡಿ." ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ. ಆಮೇಲೆ ಬೇರೇನೂ ತೋಚದೆ, ಅವರಿಗೆ ಬರುವ ಒಂದೇ ಮಾತು ಆಡಿದರು. "ನೀವು ದಿನಾ ಸೂಜಿ ಕೆಲಸ ಮಾಡೋರು. ಕಣ್ಣು ಯಾವಾಗ ತೋರಿಸಿದ್ರಿ?"

ಅಲ್ಲಿಂದ ಮಾತು ಹೊರಟಿತು. ದಾರ ಪೋಣಿಸಲು ಎಷ್ಟು ಹೊತ್ತು, ತಲೆನೋವು ಬರುತ್ತಾ, ಯಾವ ಕಾಲದ ಕನ್ನಡಕ ಅದು. ನಾನು ಬಟ್ಟೆ ಒಗೆಯಲು ಹಾಕಿ, ಹರವಿ ಬಂದರೂ ಮುಗಿದಿರಲಿಲ್ಲ. ನಡುವೆ ಮಾವ ಎದ್ದರಂತೆ. "ಸ್ವಲ್ಪ ಇರಪ್ಪ, ಅವರ ಹತ್ರ ಮಾತಾಡ್ತಿದ್ದೀನಿ" ಎಂದರು ಈ ಮಹಾನುಭಾವರು.


ಏಪ್ರಿಲ್ ೧೯, ಶನಿವಾರ

ನಮ್ಮವರು ಇವತ್ತು ಹೊರಟರು. ಅಂಗಡಿಗೆ ಬೀಗ. ಊರು ಕುರುಡಾಗಿಲ್ಲ.

ಜೊತೆಗೆ ಬರುತ್ತೇನೆ ಎಂದೆ. "ಬೇಡ, ನಾನೊಬ್ಬನೇ ಹೋಗ್ತೀನಿ" ಎಂದರು. ನಾನಿಲ್ಲದೆ ಏನು ಮಾಡುತ್ತಾರೋ! ಯಾವ ಬಾಗಿಲು, ಯಾವ ಬಸ್ಸು, ಬಾಗಿಲು ತೆಗೆದಾಗ ಮೊದಲು ಏನು ಹೇಳಬೇಕು, ಎಲ್ಲವನ್ನೂ ದಾರಿಯುದ್ದಕ್ಕೂ ಹೇಳಿಕೊಟ್ಟೆ. ಕೈಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಕಣ್ಣು ಪರೀಕ್ಷೆಯ ಗಾಜುಗಳಿದ್ದವು. ತಪಾಸಣೆಯವರು ತೆಗೆಸಿ ನೋಡಿದರೆ ಏನಂತ ಹೇಳುತ್ತೀರಿ ಎಂದೆ. "ಮನೆಯವರಿಗೆ ಅಂತೀನಿ" ಎಂದರು, ನನ್ನ ಕಡೆ ನೋಡದೆ.


ಏಪ್ರಿಲ್ ೨೦, ಭಾನುವಾರ

ಮಾವನ ಫೋನು ಬಂತು. ಹಿನ್ನೆಲೆಯಲ್ಲಿ ಎರಡು ದನಿ ಏರಿ ಇಳಿಯುತ್ತಿದ್ದವು.

"ಬಂದ ಕಣಮ್ಮ. ಬಾಗಿಲಲ್ಲಿ ನಿಂತು ಏನಂದ ಗೊತ್ತಾ? ಕೂತ್ಕೊಳ್ಳಿ, ನಿಮ್ಮ ಕಣ್ಣು ನೋಡಬೇಕು ಅಂದ, ಅವಳಿಗೆ! ನಾನು ಇಲ್ಲಿ ಬೆಂಚಿನ ಮೇಲಿದ್ದೀನಿ, ನನ್ನನ್ನ ಆಮೇಲೆ ಮಾತಾಡಿಸ್ತಾನಂತೆ."

"ಅದೇನು ಗಲಾಟೆ ಅಲ್ಲಿ?"

"ಇನ್ನೇನು? ದಪ್ಪ ಗಾಜು ಹಾಕ್ಲೇಬೇಕು ಅಂತ ಇವನು. ಸಾಯೋವರೆಗೂ ಹಾಕಲ್ಲ ಅಂತ ಅವಳು. ನಿಮಗೆ ಹೇಳೋರಿಲ್ಲದೆ ಹೀಗಾಗಿದೆ ಅಂತ ಇವನು. ಸೂಜಿ ತೋರಿಸಿ ಹೆದರಿಸ್ತಿದ್ದಾಳೆ ಅವಳು. ನಾನು ಎದ್ದು ಹೋಗಿ ಬಿಡಿಸ್ಲಾ?"

"ಕೂತಿರಿ ಮಾವ. ಚೆನ್ನಾಗಿ ಜಗಳ ಆಡಲಿ" ಎಂದೆ.